ಟಾಲ್‌ಸ್ಟಾಯ್ ಕಂಡ ಪ್ರೇಮ ಮತ್ತು ದಾಂಪತ್ಯ

ಪ್ರೇಮವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳನ್ನು ಮನೆಯೊಳಗೆ ತರಬಹುದೇ ಎಂಬ ಪ್ರಶ್ನೆಯನ್ನು ಸಂಸಾರಸ್ಥರು ಆಗಾಗ ಕೇಳುವುದುಂಟು. ಅದರಲ್ಲಿಯೂ ವಿವಾಹಿತ ಸ್ತ್ರೀಯೊಬ್ಬಳು ಪರಪುರುಷನಲ್ಲಿ ಅನುರಕ್ತಳಾಗಿ, ಗಂಡನನ್ನೂ ಮಗನನ್ನೂ ಬಿಟ್ಟುಹೋದ ಕಥೆಯೆಂದರೆ, ಬೆಳೆದ ಹೆಣ್ಣುಮಕ್ಕಳಿರುವ ಮನೆಯಲ್ಲಿ ಅಂಥ ಗ್ರಂಥವನ್ನು ಕೈಗೆಟುಕುವಂತೆ ಇಡುವುದಕ್ಕೂ ಹಿರಿಯರು ಹಿಂಜರಿಯುತ್ತಾರೆ. ಈ ಹಿಂಜರಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮನೆಯ ಮರ್ಯಾದೆ ಉಳಿಯಬೇಕೆಂಬ ಕಳಕಳಿಯೇ ಅದರ ಮೂಲ. ಆದರೂ ರಷ್ಯಾ ದೇಶದ ಲಿಯೋ ಟಾಲ್‌ಸ್ಟಾಯ್ ರಚಿಸಿದ ‘ಅನ್ನಾ ಕರೆನಿನಾ’ ಎಂಬ ಮಹಾಕಾದಂಬರಿಯನ್ನು ಆದ್ಯಂತವಾಗಿ ಓದಿದ ಮೇಲೆ, ಇದು ಮನೆಯಿಂದ ದೂರವಿಡಬೇಕಾದ ಗ್ರಂಥವಲ್ಲ, ಮನೆಮಂದಿಯೆಲ್ಲ ಓದಿ ವಿಚಾರ ಮಾಡಬೇಕಾದ ಗ್ರಂಥ ಎಂಬ ನಿಶ್ಚಯಕ್ಕೆ ನಾವು ಬಂದಿದ್ದೇವೆ. ಆ ನಿಶ್ಚಯದ ಕಾರಣಗಳನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಟಾಲ್‌ಸ್ಟಾಯ್ ಹೆಸರು ನಮ್ಮ ಜನಕ್ಕೆ ಹೊಸದಲ್ಲ. ಗಾಂಧೀಜಿಯವರು 1909-10ರಲ್ಲಿ ಅವರೊಡನೆ ಪತ್ರವ್ಯವಹಾರ ನಡೆಸಿದ್ದುದು, ದಕ್ಷಿಣ ಆಫ್ರಿಕಾದ ತಮ್ಮ ಆಶ್ರಮಕ್ಕೆ ‘ಟಾಲ್‌ಸ್ಟಾಯ್ ಫಾರ್ಮ್’ ಎಂದು ಹೆಸರಿಟ್ಟುದು ಅನೇಕರಿಗೆ ತಿಳಿದ ಸಂಗತಿ. ಅವರ ಮಹಾಕಾದಂಬರಿಗಳನ್ನು ಕನ್ನಡಕ್ಕೆ ತಂದವರಲ್ಲಿ ದೇ. ಜವರೇಗೌಡರ ಪರಿಶ್ರಮ ಸ್ಮರಣೀಯವಾದುದು. 1828ರಲ್ಲಿ ತೂಲಾ ಪ್ರಾಂತದ ಯಾಸ್ನಾಯ ಪಾಲ್ಯಾನದಲ್ಲಿ ಜನಿಸಿದ ಈ ಮಹನೀಯರು ‘ಅನ್ನಾ ಕರೆನಿನಾ’ವನ್ನು 1873ರಲ್ಲಿ ಬರೆಯಲು ತೊಡಗಿದರು. 1875ರಿಂದ 1877ರವರೆಗೆ ಅದು ‘ರೂಸ್ಕಿ ವೆಸ್ತ್‌ನಿಕ್’ ಎಂಬ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಕೊನೆಯ ಭಾಗದಲ್ಲಿ ಸರ್ಬಿಯಾದ ಯುದ್ಧಕ್ಕೆ ಹೋಗುವ ಸ್ವಯಂಸೇವಕರ ಬಗ್ಗೆ ಲೇಖಕರು ತಳೆದ ನಿಲುವು ಸಂಪಾದಕ ಕಟ್ಕೋವ್‌ಗೆ ಒಪ್ಪಿಗೆಯಾಗದ ಕಾರಣ, ಆ ಭಾಗವನ್ನು ಲೇಖಕರೇ ಪ್ರತ್ಯೇಕವಾಗಿ ಅಚ್ಚು ಹಾಕಿಸಬೇಕಾಯಿತು. 1878ರಲ್ಲಿ ಎಂಟು ಭಾಗಗಳ, 239 ಅಧ್ಯಾಯಗಳ ಸಮಗ್ರ ಗ್ರಂಥ ಹೊರಬಂದಿತು.

ಈ ಕೃತಿಯ ಹಿಂದೆ ಒಂದು ದಾರುಣವಾದ ಸತ್ಯ ಘಟನೆಯಿದೆ. 1872ರ ಜನವರಿಯಲ್ಲಿ ಟಾಲ್‌ಸ್ಟಾಯ್ ಅವರ ನೆರೆಯ ಜಮೀನುದಾರನ ಮನೆಯಲ್ಲಿದ್ದ ಅನ್ನಾ ಎಂಬ ಹೆಣ್ಣುಮಗಳು, ಅವನು ತನ್ನನ್ನು ಕೈಬಿಟ್ಟು ಬೇರೊಬ್ಬಳತ್ತ ತಿರುಗಿದನೆಂಬ ಸಂಕಟದಿಂದ, ಯಾಸೆಂಕಿ ನಿಲ್ದಾಣದಲ್ಲಿ ರೈಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಟಾಲ್‌ಸ್ಟಾಯ್ ಅಲ್ಲಿಗೆ ಹೋಗಿ ಆ ಶವವನ್ನು ಕಣ್ಣಾರೆ ಕಂಡರು. ಮೊದಲಿನ ಕರಡುಗಳಲ್ಲಿ ಕಥಾನಾಯಕಿಯನ್ನು ಅಷ್ಟೇನೂ ಗೌರವವಿಲ್ಲದೆ, ಒರಟು ಸ್ವಭಾವದವಳನ್ನಾಗಿ ಚಿತ್ರಿಸಿದ್ದ ಅವರು, ತಿದ್ದಿ ತಿದ್ದಿ ಬರೆಯುತ್ತ ಹೋದಂತೆ ಅವಳನ್ನು ಉದಾತ್ತಳನ್ನಾಗಿ, ಕರುಣೆಗೆ ಪಾತ್ರಳನ್ನಾಗಿ ಮಾಡಿದರು. ಲೇಖಕನ ಹೃದಯವೇ ಬರವಣಿಗೆಯ ಜೊತೆಜೊತೆಗೆ ಪರಿಪಕ್ವವಾದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಂದೇ ತಪ್ಪು, ಎರಡು ತಕ್ಕಡಿ

ಕಥೆ ಆರಂಭವಾಗುವುದು ಅನ್ನಾಳ ಮನೆಯಲ್ಲಲ್ಲ, ಅವಳ ಅಣ್ಣ ಸ್ಟೀವಾನ ಮನೆಯಲ್ಲಿ. ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಫ್ರೆಂಚ್ ಶಿಕ್ಷಕಿಯೊಡನೆ ಅವನಿಗಿದ್ದ ಸಂಬಂಧ ಹೆಂಡತಿ ಡಾಲಿಗೆ ತಿಳಿದುಹೋಗಿದೆ. ಮನೆ ಮೂರಾಬಟ್ಟೆಯಾಗಿದೆ. ಮುರಿಯುತ್ತಿರುವ ಈ ಸಂಸಾರವನ್ನು ಕೂಡಿಸಲೆಂದು ಪೀಟರ್ಸ್‌ಬರ್ಗಿನಿಂದ ಮಾಸ್ಕೋಗೆ ಬರುವವಳು ಅನ್ನಾ. ಅತ್ತಿಗೆಯ ಕಣ್ಣೀರನ್ನು ಒರೆಸಿ, ಅಣ್ಣನನ್ನು ಕ್ಷಮಿಸುವಂತೆ ಅವಳ ಮನಸ್ಸನ್ನು ಒಲಿಸುತ್ತಾಳೆ. ಪರರ ಮನೆಯ ದೀಪವನ್ನು ಆರದಂತೆ ಕಾಪಾಡಲು ಬಂದವಳ ಸ್ವಂತ ಮನೆಯ ದೀಪ ಅದೇ ಪ್ರಯಾಣದಲ್ಲಿ ನಂದಲು ಮೊದಲಾಯಿತು. ಮಾಸ್ಕೋ ನಿಲ್ದಾಣದಲ್ಲಿಯೇ ಅವಳು ಸೇನಾಧಿಕಾರಿ ವ್ರಾನ್‌ಸ್ಕಿಯನ್ನು ಕಾಣುತ್ತಾಳೆ. ಅದೇ ಹೊತ್ತಿನಲ್ಲಿ ಕಾವಲುಗಾರನೊಬ್ಬನು ರೈಲಿನ ಕೆಳಗೆ ಸಿಕ್ಕಿ ಸಾಯುತ್ತಾನೆ. ಅವನ ವಿಧವೆಗೆಂದು ವ್ರಾನ್‌ಸ್ಕಿ ಇನ್ನೂರು ರೂಬಲ್ ಕೊಡುತ್ತಾನೆ. ಅನ್ನಾಳಿಗೆ ಮಾತ್ರ ಇದು ಅಪಶಕುನವೆಂದು ತೋರುತ್ತದೆ.

ವ್ರಾನ್‌ಸ್ಕಿ ಅದುವರೆಗೆ ಡಾಲಿಯ ತಂಗಿ ಕಿಟ್ಟಿಯ ಮನೆಗೆ ಹೋಗಿಬರುತ್ತಿದ್ದನು. ಅವನೇ ತನ್ನ ಕೈಹಿಡಿಯುವನೆಂದು ನಂಬಿದ ಹದಿನೆಂಟರ ಆ ಬಾಲೆ, ತನ್ನನ್ನು ನಿಜವಾಗಿ ಪ್ರೀತಿಸುತ್ತಿದ್ದ ಲೆವಿನ್ ಎಂಬ ಸರಳ ಸಜ್ಜನನನ್ನು ನಿರಾಕರಿಸಿದ್ದಳು. ಒಂದು ನೃತ್ಯಕೂಟದ ರಾತ್ರಿ ವ್ರಾನ್‌ಸ್ಕಿಯ ಮನಸ್ಸು ಅನ್ನಾಳ ಕಡೆ ಹರಿದುದನ್ನು ಕಣ್ಣೆದುರೇ ಕಂಡು ಕಿಟ್ಟಿ ಹಾಸಿಗೆ ಹಿಡಿಯುತ್ತಾಳೆ. ಲೆವಿನ್ ತನ್ನ ಹಳ್ಳಿಗೆ ಹಿಂದಿರುಗುತ್ತಾನೆ. ಇಲ್ಲಿಂದ ಮುಂದೆ ಕಾದಂಬರಿ ಎರಡು ಹೊಳೆಗಳಾಗಿ ಹರಿಯುತ್ತದೆ. ಒಂದು ಅನ್ನಾ-ವ್ರಾನ್‌ಸ್ಕಿಯರದು, ಇನ್ನೊಂದು ಕಿಟ್ಟಿ-ಲೆವಿನ್ನರದು.

ಓದುತ್ತ ಹೋದಂತೆ ನಮ್ಮನ್ನು ಬಹುವಾಗಿ ಕಾಡಿದ ಪ್ರಶ್ನೆಯೊಂದಿದೆ. ಅಣ್ಣ ಮಾಡಿದ ತಪ್ಪನ್ನೇ ತಂಗಿಯೂ ಮಾಡಿದಳು. ಅಣ್ಣನಿಗೆ ಏನಾಯಿತು? ನಾಲ್ಕು ದಿನ ಮನೆಯಲ್ಲಿ ಮುನಿಸು. ಅನಂತರ ಅದೇ ಊಟ, ಅದೇ ಗೆಳೆಯರ ಗುಂಪು, ಅದೇ ಸರಕಾರಿ ಹುದ್ದೆ. ಅವನು ತಿದ್ದಿಕೊಂಡನೇ ಎಂದರೆ ಅದೂ ಇಲ್ಲ. ಹೆಂಡತಿಯ ಪಾಲಿನ ಕಾಡನ್ನು ಮರಗಳನ್ನು ಎಣಿಸಿಯೂ ನೋಡದೆ ವ್ಯಾಪಾರಿಗೆ ಅಗ್ಗದಲ್ಲಿ ಮಾರಿದನು. ಆದರೂ ಅವನು ಹೋದಲ್ಲೆಲ್ಲ ನಗುಮುಖದ ಸ್ವಾಗತ. ತಂಗಿಗೋ ಊರ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿದವು. ಅವಳ ಗುಟ್ಟಿನ ಭೇಟಿಗಳಿಗೆ ತನ್ನ ಮನೆಯನ್ನೇ ಒದಗಿಸಿದ್ದ, ಸ್ವತಃ ಪ್ರಿಯಕರನನ್ನು ಇಟ್ಟುಕೊಂಡಿದ್ದ ಬೆಟ್ಸಿ ಎಂಬ ಶ್ರೀಮಂತೆಯೇ, ವಿಷಯ ಬಹಿರಂಗವಾದ ಮೇಲೆ ಅವಳನ್ನು ಕಾಣಲು ಹಿಂದೆಗೆದಳು. ಕಪಟವಾಗಿ ಬಾಳಿದ್ದರೆ ಆ ಸಮಾಜ ಅವಳನ್ನು ಸಹಿಸುತ್ತಿತ್ತು. ಗುಟ್ಟು ಮಾಡದೆ ಬಾಳಿದುದನ್ನೇ ಅಪರಾಧವೆಂದು ಎಣಿಸಿತು. ಅನ್ನಾ ಮಾಡಿದುದು ಸರಿಯೆಂದು ನಾವು ಹೇಳುತ್ತಿಲ್ಲ. ಗಂಡಿಗೊಂದು ತಕ್ಕಡಿ, ಹೆಣ್ಣಿಗೊಂದು ತಕ್ಕಡಿ ಇಟ್ಟುಕೊಂಡ ಸಮಾಜಕ್ಕೆ ಧರ್ಮದ ಹೆಸರಿನಲ್ಲಿ ತೂಗುವ ಅಧಿಕಾರ ಎಲ್ಲಿಂದ ಬಂತು ಎಂಬುದಷ್ಟೇ ನಮ್ಮ ಪ್ರಶ್ನೆ.

ಕರೆನಿನ್ನನ ಕ್ಷಮೆ

ಅನ್ನಾಳ ಪತಿ ಕರೆನಿನ್ ದುಷ್ಟನಲ್ಲ. ಅವನು ಉನ್ನತ ಅಧಿಕಾರಿ, ಶಿಸ್ತಿನವನು, ಹೆಂಡತಿಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯನು. ಕಚೇರಿಯ ಕಾಗದಪತ್ರಗಳನ್ನು ಇತ್ಯರ್ಥ ಮಾಡುವಂತೆಯೇ ಮನೆಯ ಮನಸ್ಸುಗಳನ್ನೂ ಇತ್ಯರ್ಥ ಮಾಡಬಹುದೆಂದು ತಿಳಿದದ್ದು ಅವನ ಕೊರತೆ. ಕುದುರೆ ಪಂದ್ಯದ ದಿನ ವ್ರಾನ್‌ಸ್ಕಿ ಬಿದ್ದಾಗ ಅನ್ನಾ ತನ್ನ ಕಳವಳವನ್ನು ಮುಚ್ಚಿಡಲಾರದೆ, ಹಿಂದಿರುಗುವ ಗಾಡಿಯಲ್ಲಿ ಗಂಡನ ಎದುರಿಗೆ ಎಲ್ಲವನ್ನೂ ಹೇಳಿಬಿಡುತ್ತಾಳೆ. ಆಗಲೂ ಅವನ ಮೊದಲ ಚಿಂತೆ ಹೊರಗಿನ ಮರ್ಯಾದೆಯದು. ವಕೀಲನ ಬಳಿಗೆ ಹೋಗುತ್ತಾನೆ. ಆ ವಕೀಲನಾದರೋ ಇವನ ದುಃಖವನ್ನು ಕೇಳುತ್ತಲೇ ಕೋಣೆಯಲ್ಲಿ ಹಾರುವ ನುಸಿಚಿಟ್ಟೆಗಳನ್ನು ಹಿಡಿಯುವುದರಲ್ಲಿ ಮಗ್ನ. ಅಂದಿನ ರಷ್ಯಾದಲ್ಲಿ ವಿವಾಹ ವಿಚ್ಛೇದನ ಚರ್ಚಿನ ನ್ಯಾಯಪೀಠದ ಅಧೀನದಲ್ಲಿತ್ತು. ವ್ಯಭಿಚಾರದ ತಪ್ಪಿತಸ್ಥರೆಂದು ಸಿದ್ಧವಾದವರು ಮರುಮದುವೆಯಾಗುವಂತಿರಲಿಲ್ಲ. ಆದಕಾರಣ ಅನ್ನಾಳಿಗೆ ನಿಜವಾದ ಬಿಡುಗಡೆ ಸಿಗಬೇಕಾದರೆ ನಿರ್ದೋಷಿಯಾದ ಗಂಡನೇ ಸುಳ್ಳಾಗಿ ದೋಷವನ್ನು ಹೊತ್ತುಕೊಳ್ಳಬೇಕಾಗಿತ್ತು. ಇಂಥ ಕಾನೂನು ಯಾರನ್ನು ತಾನೆ ಸತ್ಯವಂತರನ್ನಾಗಿ ಉಳಿಸೀತು?

ಹೆಣ್ಣುಮಗುವನ್ನು ಹೆತ್ತ ಅನ್ನಾ ಬಾಣಂತಿ ಜ್ವರದಿಂದ ಸಾವಿನ ದವಡೆಯಲ್ಲಿದ್ದಾಗ ಒಂದು ಅದ್ಭುತ ನಡೆಯುತ್ತದೆ. ಅವಳು ಸತ್ತರೆ ತನಗೆ ಬಿಡುಗಡೆಯಾಯಿತೆಂದು ಒಳಗೊಳಗೆ ಎಣಿಸುತ್ತ ಬಂದ ಕರೆನಿನ್, ಆ ಮಂಚದ ಬಳಿ ನಿಂತು ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಮನಸಾರೆ ಕ್ಷಮಿಸುತ್ತಾನೆ. ತನ್ನದಲ್ಲದ ಆ ಕೂಸನ್ನು ಕರುಣೆಯಿಂದ ನೋಡಿಕೊಳ್ಳುತ್ತಾನೆ. ಇಡೀ ಗ್ರಂಥದಲ್ಲಿ ಮನುಷ್ಯನು ಇಷ್ಟು ಎತ್ತರಕ್ಕೆ ಏರಿದ ಪ್ರಸಂಗ ಇನ್ನೊಂದಿಲ್ಲವೆಂದು ನಾವು ಭಾವಿಸುತ್ತೇವೆ. ಆದರೆ ಆ ಎತ್ತರದಲ್ಲಿ ನಿಲ್ಲಲು ಸುತ್ತಲಿನವರು ಅವನನ್ನು ಬಿಡಲಿಲ್ಲ. ಊರ ಕಣ್ಣಿನಲ್ಲಿ ಅವನು ನಗೆಪಾಟಲಾದನು. ಲಿಡಿಯಾ ಎಂಬ ಸಿರಿವಂತ ಭಕ್ತೆಯ ಮಾತಿಗೆ ಒಳಗಾಗಿ, ಕೊನೆಗೆ ದಿವ್ಯದೃಷ್ಟಿಯುಳ್ಳವನೆಂದು ಹೆಸರಾದ ಪರದೇಶದವನೊಬ್ಬನು ನಿದ್ರೆಯಲ್ಲಿ ಆಡಿದ ಮಾತನ್ನು ನಂಬಿ, ವಿಚ್ಛೇದನವನ್ನು ನಿರಾಕರಿಸಿದನು. ಕ್ಷಮಿಸಿದ ಹೃದಯವೇ, ಭಕ್ತಿಯ ಹೊದಿಕೆ ಹೊದ್ದ ಅಹಂಕಾರದ ಸಹವಾಸದಿಂದ ಕಲ್ಲಾಯಿತು. ಧಾರ್ಮಿಕರೆನಿಸಿಕೊಂಡವರೆಲ್ಲರೂ ಎಚ್ಚರದಿಂದ ಓದಿಕೊಳ್ಳಬೇಕಾದ ಭಾಗವಿದು.

ಇದೇ ಲಿಡಿಯಾ, ಎಂಟು ವರ್ಷದ ಸೆರ್ಯೋಜಾನಿಗೆ ಅವನ ತಾಯಿ ಸತ್ತುಹೋದಳೆಂದು ಹೇಳಿದ್ದಳು. ಮಗನ ಹುಟ್ಟುಹಬ್ಬದ ಬೆಳಗ್ಗೆ ಅನ್ನಾ ತಾನು ಹಿಂದೆ ಒಡತಿಯಾಗಿದ್ದ ಮನೆಗೆ ಕಳ್ಳಿಯಂತೆ ಮುಸುಕು ಹಾಕಿಕೊಂಡು ಪ್ರವೇಶಿಸುತ್ತಾಳೆ. ನಿದ್ದೆಗಣ್ಣಿನ ಮಗು ಅವಳ ಕೊರಳಿಗೆ ಜೋತುಬೀಳುತ್ತದೆ. ಗಂಡ ಬರುವ ಹೊತ್ತಾಯಿತೆಂದು ಗಾಬರಿಯಿಂದ ಹೊರಟವಳು, ಹಿಂದಿನ ದಿನ ಅಂಗಡಿಯಲ್ಲಿ ಅಷ್ಟೊಂದು ಪ್ರೀತಿಯಿಂದ ಆರಿಸಿ ತಂದ ಆಟಿಕೆಗಳ ಗಂಟನ್ನು ಬಿಚ್ಚದೆಯೇ ಹಿಂದಕ್ಕೆ ಒಯ್ದಿದ್ದಳು. ನಮ್ಮ ತಾಯಂದಿರು ಈ ಪುಟವನ್ನು ಕಣ್ಣು ಒದ್ದೆಯಾಗದೆ ದಾಟಲಾರರು. ತಪ್ಪು ಮಾಡಿದವಳು ತಾಯಿ. ದಂಡ ತೆತ್ತವನು ಮಗು.

ಡಾಲಿ ಕಂಡ ಮನೆ

ಎಲ್ಲರೂ ಅನ್ನಾಳನ್ನು ದೂರವಿಟ್ಟ ಕಾಲದಲ್ಲಿ ಅವಳನ್ನು ಕಾಣಲು ಹಳ್ಳಿಗೆ ಹೋದವಳು ಅತ್ತಿಗೆ ಡಾಲಿ. ಈಕೆ ಅನೇಕ ಮಕ್ಕಳ ತಾಯಿ. ಗಂಡನ ಚಪಲದಿಂದ ನೊಂದವಳು, ಸಾಲ ಮತ್ತು ಖರ್ಚಿನ ನಡುವೆ ಸಂಸಾರ ತೂಗಿಸುವವಳು. ತೇಪೆ ಹಾಕಿದ ತನ್ನ ಒಳಕುಪ್ಪಸ ಆ ಮನೆಯ ದಾಸಿಯ ಕಣ್ಣಿಗೆ ಬಿದ್ದಾಗ ಅವಳಿಗೆ ನಾಚಿಕೆಯಾಗುತ್ತದೆ. ದಾರಿಯುದ್ದಕ್ಕೂ ಅವಳು ತನ್ನ ಬಾಳನ್ನು ಅನ್ನಾಳ ಬಾಳಿನೊಡನೆ ಹೋಲಿಸಿ, ಪ್ರೇಮಕ್ಕಾಗಿ ಎಲ್ಲವನ್ನೂ ಬಿಟ್ಟವಳೇ ಸುಖಿಯಲ್ಲವೇ ಎಂದು ಅಸೂಯೆಪಟ್ಟುಕೊಂಡಿದ್ದಳು. ಅಲ್ಲಿ ಹೋಗಿ ನೋಡಿದರೆ ಎಲ್ಲವೂ ಉಂಟು: ಹೊಸ ಆಸ್ಪತ್ರೆಯ ಕಟ್ಟಡ, ವಿದೇಶದಿಂದ ತರಿಸಿದ ಯಂತ್ರಗಳು, ಮಗುವಿನ ಕೋಣೆಯ ತುಂಬ ಇಂಗ್ಲೆಂಡಿನ ಸಾಮಾನುಗಳು. ಆದರೆ ಮಗುವಿಗೆ ಎಷ್ಟು ಹಲ್ಲು ಬಂದಿವೆಯೆಂದು ಡಾಲಿ ಕೇಳಿದರೆ ತಾಯಿಗೆ ಸರಿಯಾಗಿ ಗೊತ್ತಿಲ್ಲ. ಕೊನೆಗೆ ಬಂದ ಎರಡು ಹಲ್ಲುಗಳನ್ನು ಅವಳು ಕಂಡೇ ಇಲ್ಲ.

ಇಷ್ಟು ಸಣ್ಣ ವಿವರದಲ್ಲಿ ಟಾಲ್‌ಸ್ಟಾಯ್ ಆ ಮನೆಯ ಒಳಗನ್ನೆಲ್ಲ ತೆರೆದು ತೋರಿಸಿದ್ದಾರೆ. ಅಲ್ಲಿ ಪ್ರೇಮವಿತ್ತು, ಆದರೆ ಅದಕ್ಕೆ ಮಾಡಲು ಕೆಲಸವಿರಲಿಲ್ಲ. ವಿಚ್ಛೇದನವಾಗದ ಕಾರಣ ಆ ಮಗು ಕಾನೂನಿನ ಪ್ರಕಾರ ವ್ರಾನ್‌ಸ್ಕಿಯದಲ್ಲ, ಕರೆನಿನ್ನನದು. ನೆರೆಹೊರೆಯಿಲ್ಲ, ಬಂಧುಬಳಗವಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತಿರಬೇಕು. ಸದಾ ನೋಡುತ್ತ ಕುಳಿತವರ ಕಣ್ಣಿಗೆ ಕ್ರಮೇಣ ಸಂದೇಹವೇ ಕಾಣತೊಡಗುತ್ತದೆ. ಹೊರಗೆ ಹೋಗುವ ಸ್ವಾತಂತ್ರ್ಯ ವ್ರಾನ್‌ಸ್ಕಿಗೆ ಇತ್ತು, ಅನ್ನಾಳಿಗೆ ಇರಲಿಲ್ಲ. ಅವಳ ಅಸೂಯೆಗೆ, ನಿದ್ದೆಗಾಗಿ ಸೇವಿಸುತ್ತಿದ್ದ ಮಾದಕ ಔಷಧಕ್ಕೆ, ದಿನನಿತ್ಯದ ಜಗಳಕ್ಕೆ ಇದೇ ಬೇರು. ಡಾಲಿ ಮರುದಿನವೇ ಹೊರಟುಬಿಡುತ್ತಾಳೆ. ಇಷ್ಟು ಸಿರಿವಂತರ ಮನೆಯಲ್ಲಿ ಕುದುರೆಗಳಿಗೆ ಹೊಟ್ಟೆತುಂಬ ಓಟ್ಸ್ ಧಾನ್ಯ ಕೊಡಲಿಲ್ಲವೆಂದು ಗಾಡಿಯವರು ಗೊಣಗುತ್ತಾರೆ. ಡಾಲಿಗೆ ತನ್ನ ಮಕ್ಕಳ ಗದ್ದಲದ ಮನೆ ಆಗ ಹೊಸ ಪ್ರೀತಿಯಿಂದ ನೆನಪಾಗುತ್ತದೆ.

ಲೆವಿನ್ ಮತ್ತು ಕಿಟ್ಟಿ

ಈಗ ಎರಡನೆಯ ಹೊಳೆಯತ್ತ ಬರೋಣ. ಲೆವಿನ್ ತನ್ನ ನಿರಾಶೆಯನ್ನು ಹಳ್ಳಿಯ ದುಡಿಮೆಯಲ್ಲಿ ಕರಗಿಸುತ್ತಾನೆ. ರೈತರ ಜೊತೆ ಸಾಲಿನಲ್ಲಿ ನಿಂತು ಹುಲ್ಲು ಕೊಯ್ಯುತ್ತಾನೆ. ಮಧ್ಯಾಹ್ನ ಮುದುಕನೊಬ್ಬನು ನೀರಿನಲ್ಲಿ ನೆನೆಸಿದ ರೊಟ್ಟಿಯನ್ನು ಅವನೊಡನೆ ಹಂಚಿಕೊಂಡು ಉಣ್ಣುತ್ತಾನೆ. ಕಾಲಾಂತರದಲ್ಲಿ ಅವನಿಗೂ ಕಿಟ್ಟಿಗೂ ಮತ್ತೆ ಭೇಟಿಯಾಗುತ್ತದೆ. ಬಾಯಿಬಿಟ್ಟು ಹೇಳಲಾರದ ಮಾತುಗಳನ್ನು ಇಬ್ಬರೂ ಮೇಜಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಮೊದಲಕ್ಷರಗಳನ್ನಷ್ಟೇ ಬರೆದು ತಿಳಿಸಿಕೊಳ್ಳುತ್ತಾರೆ. 1862ರಲ್ಲಿ ಟಾಲ್‌ಸ್ಟಾಯ್ ತಮ್ಮ ಭಾವೀ ಪತ್ನಿ ಸೋಫಿಯಾ ಅವರಿಗೆ ಮನಸ್ಸನ್ನು ತಿಳಿಸಿದ್ದೂ ಹೀಗೆಯೇ. ಮದುವೆಗೆ ಮುಂಚೆ ಲೆವಿನ್ ತನ್ನ ಪೂರ್ವಜೀವನದ ದಿನಚರಿಯನ್ನು ಕಿಟ್ಟಿಯ ಕೈಗೆ ಕೊಡುತ್ತಾನೆ. ಅವಳು ಅದನ್ನು ಓದಿ ಅಳುತ್ತಾಳೆ, ಅತ್ತು ಕ್ಷಮಿಸುತ್ತಾಳೆ.

ಮದುವೆಯಾದ ಮೇಲೂ ಅವರ ಮನೆಯಲ್ಲಿ ಜಗಳವುಂಟು, ಅಸೂಯೆಯುಂಟು. ಆದರೆ ಆ ಪ್ರೇಮಕ್ಕೆ ಕೈತುಂಬ ಕೆಲಸವಿದೆ. ಲೆವಿನ್ನನ ಅಣ್ಣ ನಿಕೊಲಾಯ್ ಕೊಳಕು ವಸತಿಗೃಹವೊಂದರಲ್ಲಿ ಕ್ಷಯದಿಂದ ಸಾಯುತ್ತಿರುವಾಗ, ಅಂಥ ಜಾಗಕ್ಕೆ ನೀನು ಬರಬೇಡವೆಂದು ಗಂಡ ತಡೆದರೂ ಕಿಟ್ಟಿ ಹಟ ಮಾಡಿ ಹೋಗುತ್ತಾಳೆ. ಪಂಡಿತನಾದ ಲೆವಿನ್ ಸಾವಿನ ಮುಂದೆ ಕೈಚೆಲ್ಲಿ ನಿಂತರೆ, ಆ ಎಳೆಯ ಹೆಣ್ಣು ಹಾಸಿಗೆ ಬದಲಿಸಿ, ಕೋಣೆ ಗುಡಿಸಿ, ರೋಗಿಯ ಮೈ ತೊಳೆಸಿ, ಅವನ ಕೈ ಹಿಡಿದು ಕುಳಿತುಕೊಳ್ಳುತ್ತಾಳೆ. ಇಡೀ ಗ್ರಂಥದಲ್ಲಿ ಶೀರ್ಷಿಕೆಯುಳ್ಳ ಏಕೈಕ ಅಧ್ಯಾಯ ಇದೇ. ಆ ಶೀರ್ಷಿಕೆ ‘ಸಾವು’. ಅದೇ ಅಧ್ಯಾಯದ ಕೊನೆಯಲ್ಲಿ ಕಿಟ್ಟಿ ಗರ್ಭಿಣಿಯೆಂಬ ಸಂಗತಿ ತಿಳಿಯುತ್ತದೆ.

ಇನ್ನೊಂದೆಡೆ ಹಣ್ಣಿನ ಪಾಕ ಕುದಿಸುವ ಪ್ರಸಂಗ ಬರುತ್ತದೆ. ಕಿಟ್ಟಿಯ ತವರಿನಲ್ಲಿ ನೀರು ಹಾಕದೆ ಮಾಡುವ ಪದ್ಧತಿ. ಗಂಡನ ಮನೆಯ ಹಳೆಯ ಆಳು ಅಗಾಫ್ಯಾಳಿಗೆ ನೀರು ಹಾಕಿಯೇ ಮಾಡಬೇಕೆಂಬ ಹಟ. ಗುಟ್ಟಾಗಿ ನೀರು ಹಾಕಿ ಸಿಕ್ಕಿಬಿದ್ದ ಮುದುಕಿ ಮುಖ ಊದಿಸಿಕೊಂಡು ಕುಳಿತಿರುತ್ತಾಳೆ. ಕಿಟ್ಟಿ ಒಳ್ಳೆಯ ಮಾತಿನಿಂದ ಅವಳನ್ನು ಒಲಿಸಿಕೊಳ್ಳುತ್ತಾಳೆ. ತವರಿನ ರೂಢಿ ಮತ್ತು ಗಂಡನ ಮನೆಯ ರೂಢಿಗಳ ನಡುವೆ ನಿಂತ ಯಾವ ಸೊಸೆಗೆ ಈ ಪ್ರಸಂಗ ಅರ್ಥವಾಗದು? ರಷ್ಯಾದ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ಒಲೆಯ ಆಕಾರ ಬೇರೆ, ಮನಸ್ಸುಗಳು ಬೇರೆಯಲ್ಲ.

ಹಾಗೆಂದು ಗೃಹಸುಖವೊಂದೇ ಸಾಕೆಂದು ಟಾಲ್‌ಸ್ಟಾಯ್ ಹೇಳುವುದಿಲ್ಲ. ಮಡದಿ ಮಗುವನ್ನು ಪಡೆದು ಸುಖಿಯಾದ ಲೆವಿನ್ನನೇ, ಬದುಕಿನ ಅರ್ಥ ಕಾಣದೆ, ಎಲ್ಲಿ ಪ್ರಾಣ ಕಳೆದುಕೊಂಡೇನೋ ಎಂಬ ಭಯದಿಂದ ಹಗ್ಗವನ್ನು ಬಚ್ಚಿಡುತ್ತಾನೆ. ಅವನಿಗೆ ಬೆಳಕು ತೋರುವುದು ತತ್ತ್ವಶಾಸ್ತ್ರದ ಗ್ರಂಥಗಳಲ್ಲ. ಕಣದಲ್ಲಿ ಕೆಲಸ ಮಾಡುವ ಫ್ಯೋದರ್ ಎಂಬ ರೈತ. ಹೊಟ್ಟೆಗಾಗಿ ಬಾಳುವವರೂ ಉಂಟು, ಆತ್ಮಕ್ಕಾಗಿ, ದೇವರನ್ನು ನೆನೆದು ಬಾಳುವವರೂ ಉಂಟು ಎಂಬ ಅರ್ಥದ ಅವನ ಸಹಜವಾದ ಮಾತು ಲೆವಿನ್ನನ ಎದೆಗೆ ತಾಗುತ್ತದೆ. ಅಲ್ಲಿಂದ ಮುಂದೆಯೂ ತಾನು ಗಾಡಿಯವನ ಮೇಲೆ ರೇಗುವೆನೆಂದು ಅವನಿಗೆ ಗೊತ್ತು. ಆದರೂ ಬಾಳಿಗೆ ಒಂದು ಆಧಾರ ಸಿಕ್ಕಿದೆ. ಅನ್ನಾಳಿಗೆ ಇಲ್ಲದೆ ಹೋದುದು ಈ ಆಧಾರ. ಒಬ್ಬ ಮನುಷ್ಯನ ಪ್ರೀತಿಯ ಮೇಲೆಯೇ ಅವಳು ತನ್ನ ಇಡೀ ಬಾಳಿನ ಭಾರವನ್ನು ಇಟ್ಟಿದ್ದಳು. ಯಾವ ಮನುಷ್ಯನೂ ಅಷ್ಟು ಭಾರವನ್ನು ಹೊರಲಾರನು.

ದಂಡಿಸುವ ಅಧಿಕಾರ ಯಾರದು?

ಒಬಿರಾಲೊವ್ಕಾ ನಿಲ್ದಾಣದಲ್ಲಿ ಅನ್ನಾಳ ಬಾಳು ಮುಗಿಯುತ್ತದೆ. ಕೊನೆಯ ಕ್ಷಣದಲ್ಲಿ ಬಾಲ್ಯದ ನೆನಪುಗಳು ಅವಳ ಮುಂದೆ ಬೆಳಗುತ್ತವೆ. ತಾನೇನು ಮಾಡಿದೆನೆಂದು ಬೆಚ್ಚಿ ಹಿಂದೆ ಸರಿಯಲು ಅವಳು ಯತ್ನಿಸುತ್ತಾಳೆ. ಆದರೆ ಕಾಲ ಮೀರಿದೆ. ಟಾಲ್‌ಸ್ಟಾಯ್ ಇದನ್ನು ವೀರಮರಣವೆಂದು ಅಲಂಕರಿಸಿಲ್ಲ. ಬದುಕಬಹುದಾಗಿದ್ದ ಜೀವವೊಂದು ವ್ಯರ್ಥವಾಯಿತೆಂಬ ವಿಷಾದವೇ ಅಲ್ಲಿದೆ.

ಈ ಅಂತ್ಯವನ್ನು ಕೆಲವರು ಪಾಪಕ್ಕೆ ತಕ್ಕ ಶಿಕ್ಷೆಯೆಂದು ಓದುತ್ತಾರೆ. ಮತ್ತೆ ಕೆಲವರು ಅನ್ನಾಳನ್ನು ಪ್ರೇಮಕ್ಕಾಗಿ ಬಲಿಯಾದ ವೀರನಾರಿಯೆಂದು ಕೊಂಡಾಡುತ್ತಾರೆ. ಇವೆರಡೂ ಅರ್ಧ ಓದು ಎಂದೇ ನಮ್ಮ ಅಭಿಪ್ರಾಯ. ಗ್ರಂಥದ ಮೊದಲ ಪುಟದಲ್ಲಿ ಲೇಖಕರು ಬೈಬಲ್ಲಿನ ಒಂದು ಮಾತನ್ನು ಇಟ್ಟಿದ್ದಾರೆ. ಪ್ರತೀಕಾರವು ದೇವರಿಗೆ ಬಿಟ್ಟ ವಿಷಯ ಎಂಬುದು ಅದರ ತಾತ್ಪರ್ಯ. ದೇವರಿಗೆ ಬಿಟ್ಟುದಾದರೆ, ಅದು ಬೆಟ್ಸಿಗೆ ಸೇರಿದ್ದಲ್ಲ, ಲಿಡಿಯಾಳಿಗೆ ಸೇರಿದ್ದಲ್ಲ, ನಾಟಕಶಾಲೆಯಲ್ಲಿ ಪಕ್ಕದಲ್ಲಿ ಕುಳಿತು ಅವಳನ್ನು ಅವಮಾನಿಸಿದ ಹೆಂಗಸಿಗೂ ಸೇರಿದ್ದಲ್ಲ. ಓದುಗರಾದ ನಮಗೂ ಸೇರಿದ್ದಲ್ಲ. ತಪ್ಪಿನ ಫಲ ತಪ್ಪಿನೊಳಗಿನಿಂದಲೇ ಬೆಳೆಯುತ್ತದೆ. ಅದಕ್ಕೆ ಊರವರು ತಮ್ಮ ಪಾಲಿನ ಕಲ್ಲನ್ನೂ ಸೇರಿಸಬೇಕಾದ ಅಗತ್ಯವಿಲ್ಲ.

ಲೇಖಕರ ಸ್ವಂತ ಬಾಳೂ ಈ ವಿಷಯದಲ್ಲಿ ನಮ್ಮನ್ನು ವಿನಯಕ್ಕೆ ಕರೆಯುತ್ತದೆ. ದಾಂಪತ್ಯದ ಒಳಹೊರಗನ್ನು ಇಷ್ಟು ಬಲ್ಲ ಟಾಲ್‌ಸ್ಟಾಯ್, ಹದಿಮೂರು ಮಕ್ಕಳನ್ನು ಹೆತ್ತು, ತಮ್ಮ ಹಸ್ತಪ್ರತಿಗಳನ್ನು ಮತ್ತೆ ಮತ್ತೆ ಪ್ರತಿಮಾಡಿಕೊಟ್ಟ ಪತ್ನಿಯೊಡನೆ ಕೊನೆಗಾಲದಲ್ಲಿ ಹೊಂದಿ ಬಾಳಲಾರದೆ, 1910ರಲ್ಲಿ ತಮ್ಮ 82ನೆಯ ವಯಸ್ಸಿನಲ್ಲಿ ರಾತ್ರೋರಾತ್ರಿ ಮನೆಬಿಟ್ಟು ಹೊರಟರು. ಅಸ್ತಾಪೊವೊ ಎಂಬ ಸಣ್ಣ ರೈಲುನಿಲ್ದಾಣದಲ್ಲಿ ಪ್ರಾಣಬಿಟ್ಟರು. ಮಹಾಜ್ಞಾನಿಗೂ ಸಂಸಾರ ಸುಲಭವಲ್ಲವೆಂದ ಮೇಲೆ, ಪರರ ಸಂಸಾರ ಮುರಿದಾಗ ನಾಲಿಗೆ ಚಾಚುವ ಧೈರ್ಯ ನಮಗೇಕೆ?

ನಮ್ಮ ಬಂಧುಬಳಗದಲ್ಲಿಯೂ ಗಂಡನ ಮನೆ ಬಿಟ್ಟು ಬಂದವಳೊಬ್ಬಳು, ತನಗೆ ತೋಚಿದಂತೆ ಬಾಳು ಕಟ್ಟಿಕೊಳ್ಳಲು ಹೋಗಿ ಎಡವಿದವಳೊಬ್ಬಳು ಇದ್ದಾಳು. ಮದುವೆ ಮುಂಜಿಗಳ ಕರೆಯೋಲೆ ಬರೆಯುವಾಗ ಅವಳ ಹೆಸರನ್ನು ಬಿಡುತ್ತೇವೆ. ಎದುರಿಗೆ ಬಂದರೆ ಮುಖ ತಿರುಗಿಸುತ್ತೇವೆ. ಅದೇ ತಪ್ಪು ಮಾಡಿದ ಗಂಡಸು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ. ಅಂಥ ಮನೆಗಳಲ್ಲಿ ಈ ಕಾದಂಬರಿಯನ್ನು ಓದಿಸಬೇಕೆಂದು ನಾವು ವಿನಂತಿಸುತ್ತೇವೆ. ಅನ್ನಾಳಿಂದಲೇ ತನ್ನ ಮೊದಲ ಕನಸನ್ನು ಕಳೆದುಕೊಂಡ ಕಿಟ್ಟಿ, ಅನ್ನಾಳ ಕೊನೆಯ ದಿನ ಡಾಲಿಯ ಮನೆಯಲ್ಲಿ ಅವಳ ಮುಖವನ್ನು ಕಂಡೊಡನೆ ಹಗೆಯನ್ನು ಮರೆತು ಮರುಗಿದಳು. ಡಾಲಿ ಅನ್ನಾಳ ನಡತೆಯನ್ನು ಒಪ್ಪಿ ಅವಳ ಮನೆಗೆ ಹೋದವಳಲ್ಲ; ಕಷ್ಟದಲ್ಲಿ ತನ್ನ ಕಣ್ಣೀರು ಒರೆಸಿದವಳೆಂಬ ನೆನಪಿನಿಂದ ಹೋದಳು.

ಒಪ್ಪದಿರುವುದು ಬೇರೆ, ಹೊರಹಾಕುವುದು ಬೇರೆ. ತಪ್ಪನ್ನು ತಪ್ಪೆನ್ನುತ್ತಲೇ ತಪ್ಪಿದವರಿಗೆ ಒಂದು ಬಾಗಿಲನ್ನು ತೆರೆದಿಡುವುದು ಗೃಹಸ್ಥರಿಂದ ಆಗುವ ಕೆಲಸ. ಹೆಣ್ಣುಮಕ್ಕಳು ಈ ಗ್ರಂಥವನ್ನು ಓದಿ ಪ್ರೇಮಕ್ಕೂ ಮೋಹಕ್ಕೂ ಇರುವ ಅಂತರವನ್ನು ತಿಳಿಯಲಿ. ಗಂಡುಮಕ್ಕಳು ಸ್ಟೀವಾನ ನಗುಮುಖದ ಹಿಂದೆ ಡಾಲಿಯ ಕಣ್ಣೀರನ್ನು ಕಾಣಲಿ. ಹಿರಿಯರು ಕರೆನಿನ್ನನು ಮಂಚದ ಬಳಿ ಪಡೆದು ಅನಂತರ ಕಳೆದುಕೊಂಡ ಕ್ಷಮೆಯನ್ನು ನೆನೆಯಲಿ. ಇಂಥ ಗ್ರಂಥ ಮನೆಯೊಳಗೆ ಬಂದರೆ ಮನೆಯ ಮರ್ಯಾದೆಗೆ ಕುಂದಿಲ್ಲ. ಮನೆಯವರ ಅಂತಃಕರಣ ಇನ್ನಷ್ಟು ವಿಶಾಲವಾಗುತ್ತದೆ ಎಂಬುದು ನಮ್ಮ ದೃಢವಾದ ನಂಬಿಕೆ.